ಕಿಟಕಿ ಕಟ್ಟೆಯ ಮೈಕ್ರೋಗ್ರೀನ್ಸ್: ನೀರು ಕಡಿಮೆ, ಗಾಳಿ ಜಾಸ್ತಿ

ಒಗ್ಗರಣೆ ಡಬ್ಬಿಯಲ್ಲಿರುವ ಸಾಸಿವೆಯಲ್ಲಿ ಒಂದು ಚಮಚ ತೆಗೆದಿಟ್ಟರೆ ಸಾಕು, ಹತ್ತು ದಿನದೊಳಗೆ ಒಂದು ಡಬ್ಬಿ ಎಳೆ ಸೊಪ್ಪು ಬರುತ್ತದೆ. ಗೊಬ್ಬರ ಬೇಡ, ತಾರಸಿ ಬೇಡ, ಮಣ್ಣು ಕೂಡ ಬೇಕೇ ಬೇಕು ಅಂತಿಲ್ಲ. ಬಾಡಿಗೆ ಮನೆಯ ಕಿಟಕಿ ಕಟ್ಟೆ ಇದ್ದರೆ ಆಯಿತು. ಇಷ್ಟು ಸುಲಭದ ಕೆಲಸಕ್ಕೆ ಆನ್‌ಲೈನಿನಲ್ಲಿ ಏನೆಲ್ಲ ಮಾರುತ್ತಾರೆ ನೋಡಿ: ಕಿಟ್, ನೇರಳೆ ಬಣ್ಣದ ಲೈಟು, ವಿಶೇಷ ಟ್ರೇ, ಪೋಷಕಾಂಶದ ದ್ರಾವಣ, ಜೊತೆಗೆ ತಿಂಗಳಿಗೆ ಲಕ್ಷ ದುಡಿಯುವುದು ಹೇಗೆ ಅಂತ ಕಲಿಸುವ ಕೋರ್ಸು. ಇದನ್ನೆಲ್ಲ ನೋಡಿದವರು ಒಂದೋ ದುಡ್ಡು ಸುರಿಯುತ್ತಾರೆ, ಇಲ್ಲವೇ ನಮಗ್ಯಾಕೆ ಈ ತಲೆನೋವು ಅಂತ ಸುಮ್ಮನಾಗುತ್ತಾರೆ. ಎರಡೂ ಬೇಕಿಲ್ಲ. ಆ ಹತ್ತು ದಿನದಲ್ಲಿ ಬೀಜ ಏನು ಮಾಡುತ್ತದೆ ಅಂತ ಗೊತ್ತಾದರೆ ನಾವು ಏನು ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಏನು ಮಾಡಬಾರದು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಮೈಕ್ರೋಗ್ರೀನ್ಸ್ ಮತ್ತು ಮೊಳಕೆ ಕಾಳು ಒಂದೇ ಅಲ್ಲ. ಹೆಸರುಕಾಳು ನೆನೆಸಿ, ಬಟ್ಟೆಯಲ್ಲಿ ಕಟ್ಟಿಟ್ಟು, ಒಂದೆರಡು ದಿನದಲ್ಲಿ ಮೊಳಕೆ ಬಂದಾಗ ಅದನ್ನು ಬೇರು, ಕಾಳು, ಸಿಪ್ಪೆ ಎಲ್ಲ ಸೇರಿಸಿ ತಿನ್ನುತ್ತೇವೆ. ಅದಕ್ಕೆ ಬೆಳಕು ಬೇಕಿಲ್ಲ. ಮೈಕ್ರೋಗ್ರೀನ್ಸ್ ಇದರ ಮುಂದಿನ ಹಂತ. ಬೀಜವನ್ನು ಹರಡಿ, ಬೇರು ಕೆಳಗಿಳಿದು, ಕಾಂಡ ಮೇಲೆದ್ದು, ಮೊದಲ ಎರಡು ಎಲೆ ಬಿಚ್ಚಿಕೊಂಡು ಹಸಿರಾಗುವವರೆಗೆ ಬಿಡುತ್ತೇವೆ. ಆಮೇಲೆ ಬುಡದ ಮೇಲೆ ಕತ್ತರಿಸಿ ಕಾಂಡ ಮತ್ತು ಎಲೆಯನ್ನಷ್ಟೇ ತಿನ್ನುತ್ತೇವೆ. ಇನ್ನೂ ಬಿಟ್ಟರೆ ಅದು ಮಾಮೂಲಿ ಸೊಪ್ಪಾಗುತ್ತದೆ. ಆಗ ಗೊಬ್ಬರ, ಜಾಗ, ಬಿಸಿಲು ಎಲ್ಲ ಕೇಳುತ್ತದೆ. ಮುಂಬೈ ಕಡೆ ಸಮುದ್ರ ಮೇಥಿ ಅಂತ ಮರಳಿನಲ್ಲಿ ಬೆಳೆದ ಪುಟ್ಟ ಪುಟ್ಟ ಮೆಂತ್ಯದ ಕಟ್ಟು ಸಿಗುತ್ತದೆ. ಅದು ಹೆಚ್ಚು ಕಡಿಮೆ ಇದೇ. ಹಾಗಾಗಿ ಇದೇನೋ ನೆನ್ನೆ ಮೊನ್ನೆ ಹೊರಗಿನಿಂದ ಬಂದ ಶೋಕಿ ಅಂತ ಅಂದುಕೊಳ್ಳಬೇಕಾಗಿಲ್ಲ.

ಉತ್ತರ ಕರ್ನಾಟಕದವರಿಗಂತೂ ಇದರ ಅರ್ಧ ಪಾಠ ಮನೆಯಲ್ಲೇ ಆಗಿರುತ್ತದೆ. ನವರಾತ್ರಿಗೆ ಘಟ್ಟ ಹಾಕುತ್ತಾರಲ್ಲ, ಮಣ್ಣು ಹಾಸಿ ಗೋಧಿ, ಜೋಳ, ಕಾಳು ಬಿತ್ತಿ, ನಡುವೆ ಕೊಡ ಇಟ್ಟು, ದಿನಾ ಸ್ವಲ್ಪ ನೀರು ಚಿಮುಕಿಸುತ್ತಾರೆ. ಹಬ್ಬ ಮುಗಿಯುವಷ್ಟರಲ್ಲಿ ಗೇಣುದ್ದ ಸಸಿ ಎದ್ದಿರುತ್ತದೆ. ಆ ಸಸಿಯ ಬಣ್ಣ ನೆನಪಿಸಿಕೊಳ್ಳಿ. ಹಸಿರಲ್ಲ, ತಿಳಿ ಹಳದಿ. ದೇವರ ಮನೆಯಲ್ಲಿ ಬೆಳಕು ಕಡಿಮೆ, ಅದಕ್ಕೇ ಹಾಗೆ. ಬೆಳಕು ಸಿಗದ ಸಸಿ ಹಸಿರು ಮಾಡಿಕೊಳ್ಳುವ ಗೋಜಿಗೇ ಹೋಗುವುದಿಲ್ಲ. ತಾನಿನ್ನೂ ಮಣ್ಣಿನೊಳಗೇ ಇದ್ದೇನೆ ಅನ್ನುವ ಲೆಕ್ಕದಲ್ಲಿ ಇದ್ದ ಶಕ್ತಿಯನ್ನೆಲ್ಲ ಕಾಂಡ ಉದ್ದ ಮಾಡುವುದಕ್ಕೆ ಹಾಕುತ್ತದೆ. ಬೆಳಕು ತಾಗಿದ ಕೂಡಲೇ ಕಾಂಡದ ಓಟ ನಿಧಾನವಾಗಿ, ಎಲೆ ಬಿಚ್ಚಿ ಹಸಿರಾಗುತ್ತದೆ. ಮೈಕ್ರೋಗ್ರೀನ್ಸ್ ಬೆಳೆಯುವವರು ಮೊದಲ ಎರಡು ಮೂರು ದಿನ ಕತ್ತಲಲ್ಲಿಟ್ಟು ಆಮೇಲೆ ಬೆಳಕಿಗೆ ತರುವುದು ಇದೇ ಕಾರಣಕ್ಕೆ. ಕತ್ತಲಲ್ಲಿ ಕತ್ತರಿಸುವುದಕ್ಕೆ ಸಿಗುವಷ್ಟು ಉದ್ದ ಬರುತ್ತದೆ, ಬೆಳಕಿನಲ್ಲಿ ಬಣ್ಣ ಮತ್ತು ರುಚಿ ಬರುತ್ತದೆ.

ಇನ್ನು ಬೀಜದ ಒಳಗೆ ಬನ್ನಿ. ಪ್ರತಿ ಬೀಜವೂ ತನ್ನ ಬುತ್ತಿಯನ್ನು ತಾನೇ ಕಟ್ಟಿಕೊಂಡು ಬಂದಿರುತ್ತದೆ. ಸಾಸಿವೆಯಲ್ಲಿ ಅದು ಎಣ್ಣೆ, ಗೋಧಿಯಲ್ಲಿ ಪಿಷ್ಟ, ಕಾಳುಗಳಲ್ಲಿ ಪ್ರೋಟೀನು ಮತ್ತು ಪಿಷ್ಟ. ಒಣಗಿದ ಬೀಜ ಸತ್ತಿರುವುದಿಲ್ಲ, ಮಲಗಿರುತ್ತದೆ. ನೀರು ಹೀರಿದ ಮೇಲೆ ಒಳಗಿನ ಕಿಣ್ವಗಳು ಎದ್ದು ಆ ಎಣ್ಣೆ, ಪಿಷ್ಟವನ್ನು ಕರಗಿಸಿ ಸಕ್ಕರೆ ಮಾಡಿ ಮೊಳಕೆಗೆ ಕೊಡುತ್ತವೆ. ಮೊದಲು ಬರುವುದು ಬೇರು. ಆಮೇಲೆ ಕಾಂಡ. ಸಾಸಿವೆ, ಮೂಲಂಗಿ, ಮೆಂತ್ಯ, ದಂಟು ಇವುಗಳಲ್ಲಿ ಕಾಂಡ ಬಾಗಿಕೊಂಡೇ ಮೇಲೆದ್ದು, ಎರಡು ಬೀಜದಳಗಳನ್ನು ಬೆಳಕಿಗೆ ತಂದು ಬಿಡಿಸುತ್ತದೆ. ಅವೇ ಆ ಮೊದಲ ಎರಡು ಎಲೆ. ಸಾಸಿವೆ, ಮೂಲಂಗಿಯವು ಹೃದಯದ ಆಕಾರದಲ್ಲಿರುತ್ತವೆ, ಎರಡರಲ್ಲಿ ಒಂದು ಸ್ವಲ್ಪ ದೊಡ್ಡದು, ಹತ್ತಿರ ಹಿಡಿದು ನೋಡಿದರೆ ಕಾಣುತ್ತದೆ. ಈ ಹಂತದವರೆಗೆ ಬೇಕಾದ ಊಟವೆಲ್ಲ ಬೀಜದೊಳಗೇ ಇರುವುದರಿಂದ ಹೊರಗಿನ ಗೊಬ್ಬರಕ್ಕೆ ಕೆಲಸವೇ ಇಲ್ಲ. ಪೋಷಕಾಂಶದ ದ್ರಾವಣ ಅಂತ ಬಾಟಲಿ ಕೊಳ್ಳುವ ಮೊದಲು ಇದನ್ನು ನೆನಪಿಟ್ಟುಕೊಳ್ಳಿ.

ಆದರೆ ಬೀಜಕ್ಕೆ ನೀರಿನ ಜೊತೆಗೆ ಇನ್ನೊಂದು ಬೇಕು. ಗಾಳಿ. ಕೂಡಿಟ್ಟ ಎಣ್ಣೆ, ಪಿಷ್ಟವನ್ನು ಬಳಸಿಕೊಳ್ಳುವುದಕ್ಕೆ ಅದು ಉಸಿರಾಡಲೇಬೇಕು. ನೀರಲ್ಲಿ ಮುಳುಗಿದ ಬೀಜಕ್ಕೆ ಆಮ್ಲಜನಕ ಸಿಗುವುದಿಲ್ಲ, ಕೊಳೆಯುತ್ತದೆ. ನಾನು ಕೇಳಿರುವ ಸೋತ ಕತೆಗಳಲ್ಲಿ ಹೆಚ್ಚಿನವು ಇಲ್ಲೇ ಸೋತಿರುವುದು: ಪ್ರೀತಿಯಿಂದ ದಿನಕ್ಕೆ ಮೂರು ಸಲ ನೀರು ಹಾಕಿರುತ್ತಾರೆ, ಮೇಲೆ ಬಿಗಿಯಾಗಿ ಮುಚ್ಚಳ ಮುಚ್ಚಿರುತ್ತಾರೆ, ನಾಲ್ಕನೇ ದಿನ ಡಬ್ಬಿಯಿಂದ ಹುಳಿ ಹುಳಿ ಕೊಳೆತ ವಾಸನೆ. ಬೀಜ ಸರಿಯಿಲ್ಲ ಅಂತ ಅಂಗಡಿಯವನನ್ನು ಬೈಯುತ್ತಾರೆ. ಪಾಪ, ಅವನದ್ದೇನೂ ತಪ್ಪಿರುವುದಿಲ್ಲ.

ಅಂಗಡಿ ಅಂದಮೇಲೆ ಬೀಜದ ವಿಷಯ ಸ್ವಲ್ಪ ಜಾಸ್ತಿಯೇ ಹೇಳಬೇಕು. ಬಿತ್ತನೆ ಬೀಜದ ಅಂಗಡಿಯಲ್ಲಿ ಸಿಗುವ ಎಷ್ಟೋ ಬೀಜಗಳಿಗೆ ಥೈರಾಮ್, ಕ್ಯಾಪ್ಟಾನ್ ಥರದ ಶಿಲೀಂಧ್ರನಾಶಕ ಲೇಪಿಸಿರುತ್ತಾರೆ. ಹೊಲದಲ್ಲಿ ಬಿತ್ತುವುದಕ್ಕೆ ಅದು ಸರಿ. ಗಿಡ ತಿಂಗಳುಗಟ್ಟಲೆ ಬೆಳೆದು ಆಮೇಲೆ ಫಸಲು ಕೊಡುತ್ತದೆ. ನಾವಾದರೋ ವಾರದಲ್ಲೇ ಕತ್ತರಿಸಿ ಬಾಯಿಗೆ ಹಾಕುವವರು. ಗುಲಾಬಿ, ಕೆಂಪು, ನೀಲಿ ಬಣ್ಣ ಬಳಿದ ಬೀಜ ಕಂಡರೆ ದೂರವಿಡಿ. ಪೊಟ್ಟಣದ ಮೇಲೆ ವಿಷದ ಗುರುತೋ, ಸಂಸ್ಕರಿಸಿದ ಬೀಜ ಅನ್ನುವ ಮಾತೋ ಇದ್ದರೂ ಅಷ್ಟೇ. ತೊಳೆದರೆ ಹೋಗುತ್ತದೆ ಅನ್ನುವ ಧೈರ್ಯ ಬೇಡ. ಅದಕ್ಕಿಂತ ದಿನಸಿ ಅಂಗಡಿಯ ಸಾಸಿವೆ, ಮೆಂತ್ಯ, ಧನಿಯಾ, ರಾಜಗಿರಿ, ಕಾಮಕಸ್ತೂರಿ, ಬಿಳಿ ಬಟಾಣಿ ಎಷ್ಟೋ ವಾಸಿ. ತಿನ್ನುವುದಕ್ಕಂತಲೇ ಮಾರುವ ಪದಾರ್ಥ, ಬೆಲೆಯೂ ಕಡಿಮೆ. ಹಸಿರು ಬಟಾಣಿಗೆ ಕೆಲವು ಸಲ ಬಣ್ಣ ಹಾಕಿರುತ್ತಾರೆ, ನೆನೆಸಿದ ನೀರು ಹಸಿರಾದರೆ ಗೊತ್ತಾಗುತ್ತದೆ. ರಾಜಗಿರಿ ಕೊಳ್ಳುವಾಗ ಅರಳು ಮಾಡಿದ್ದು ತರಬೇಡಿ. ಹುರಿದದ್ದು, ಒಡೆದದ್ದು, ಬೇಳೆ ಮಾಡಿದ್ದು ಯಾವುದೂ ಮೊಳೆಯುವುದಿಲ್ಲ.

ದಿನಸಿ ಬೀಜದ ಒಂದೇ ತೊಂದರೆ ಅಂದ್ರೆ ಅದು ಎಷ್ಟು ಹಳೆಯದು ಅಂತ ಯಾರಿಗೂ ಗೊತ್ತಿರುವುದಿಲ್ಲ. ಪರೀಕ್ಷೆ ಮಾಡುವುದು ಸುಲಭ. ಒದ್ದೆ ಮಾಡಿ ಹಿಂಡಿದ ಬಟ್ಟೆ ತುಂಡಿನ ಮೇಲೆ 20 ಬೀಜ ಹರಡಿ, ಮಡಚಿ, ಒಂದು ತಟ್ಟೆಯಲ್ಲಿಟ್ಟು ಮೇಲೊಂದು ಬಟ್ಟಲು ಕವುಚಿ. ಸಾಸಿವೆ, ಮೆಂತ್ಯ ಆದರೆ ಮೂರನೇ ದಿನ ಬಿಚ್ಚಿ ಎಣಿಸಿ. 16ರಿಂದ 17 ಮೊಳೆತಿದ್ದರೆ ಒಳ್ಳೆಯ ಬೀಜ. ಹತ್ತೋ ಹನ್ನೆರಡೋ ಮೊಳೆತರೆ ಅದನ್ನು ಒಗ್ಗರಣೆಗೆ ಬಳಸಿ. ಸತ್ತ ಬೀಜದಿಂದ ಸೊಪ್ಪು ಕಡಿಮೆಯಾಗುವುದಷ್ಟೇ ಅಲ್ಲ, ಆ ಒದ್ದೆಯಲ್ಲಿ ಕೂತ ಸತ್ತ ಬೀಜವೇ ಬೂಷ್ಟಿಗೆ ಮೊದಲ ಊಟ. ಅಲ್ಲಿಂದ ಪಕ್ಕದ ಸಸಿಗೂ ಹಬ್ಬುತ್ತದೆ.

ಯಾವುದನ್ನು ಬೆಳೆಯಲೇಬಾರದು ಅನ್ನುವುದೂ ಗೊತ್ತಿರಬೇಕು. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಜಾತಿಯ ಸಸಿ ತಿನ್ನಬಾರದು, ಅವುಗಳ ಕಾಂಡ ಮತ್ತು ಎಲೆಯಲ್ಲಿ ವಿಷದ ಅಂಶ ಇರುತ್ತದೆ. ರಾಜ್ಮಾ ಸಸಿಯೂ ಹಸಿಯಾಗಿ ಬೇಡ. ಇನ್ನು ಜೋಳ. ಎಳೆ ಜೋಳದ ಬೆಳೆಗೆ ದನ ಬಿಡಬಾರದು ಅಂತ ಬಯಲುಸೀಮೆಯ ರೈತರು ಮಕ್ಕಳಿಗೂ ಹೇಳಿಕೊಟ್ಟಿರುತ್ತಾರೆ. ಎಳೆಯ ಜೋಳದ ಗಿಡದಲ್ಲಿ ಧುರಿನ್ ಅನ್ನುವ ವಸ್ತು ಇರುತ್ತದೆ, ಜಗಿದಾಗ ಅದರಿಂದ ಸಯನೈಡ್ ಬಿಡುಗಡೆಯಾಗುತ್ತದೆ, ಮೇಯ್ದ ದನ ಸಾಯುವುದೂ ಉಂಟು. ಕಾಳು ಎಷ್ಟೇ ಒಳ್ಳೆಯದಾದರೂ ಅದರ ಎಳೆ ಸಸಿ ಒಳ್ಳೆಯದಾಗಿರಲೇಬೇಕು ಅಂತೇನಿಲ್ಲ. ಹೊಸ ಬೀಜ ಪ್ರಯತ್ನಿಸುವ ಮೊದಲು ಆ ಗಿಡದ ಸೊಪ್ಪನ್ನು ನಮ್ಮವರು ಹಸಿಯಾಗಿ ತಿನ್ನುತ್ತಾರಾ ಅಂತ ಕೇಳಿಕೊಂಡರೆ ಅರ್ಧ ಉತ್ತರ ಸಿಕ್ಕಿದಂತೆ. ಕಡಲೆ ನೋಡಿ, ಅದರ ಸೊಪ್ಪನ್ನು ರೊಟ್ಟಿ ಜೊತೆ ಹಸಿಯಾಗಿಯೇ ತಿನ್ನುತ್ತಾರೆ. ಕಡಲೆ ಗಿಡ ಎಲೆಯಿಂದ ಹುಳಿ ಸೂಸುತ್ತದೆ, ಹಾಗಾಗಿ ಎಳೆ ಚಿಗುರಿಗೂ ಒಂದು ಸಣ್ಣ ಹುಳಿ ಇರುತ್ತದೆ. ಚೆನ್ನಾಗಿರುತ್ತದೆ.

ಮೊದಲ ಸಲಕ್ಕೆ ಸಾಸಿವೆ ಅಥವಾ ಮೆಂತ್ಯ ಆರಿಸಿಕೊಳ್ಳಿ. ಸಾಸಿವೆ ಏಳರಿಂದ ಹತ್ತು ದಿನ, ಮೆಂತ್ಯ ಎಂಟರಿಂದ ಹನ್ನೆರಡು ದಿನ. ಮೂಲಂಗಿ ಇನ್ನೂ ಬೇಗ, ಬಣ್ಣ ಬಳಿಯದ ಬೀಜ ಸಿಕ್ಕರೆ ಅದೇ ಎಲ್ಲಕ್ಕಿಂತ ಸುಲಭ. ಕೆಂಪು ದಂಟು ನೋಡುವುದಕ್ಕೆ ಬಹಳ ಚಂದ. ಆದರೆ ಬೀಜ ರಾಗಿಗಿಂತ ಸಣ್ಣದು, ಸಸಿ ದಾರದಷ್ಟು ತೆಳ್ಳಗೆ, ನೀರು ಸ್ವಲ್ಪ ಜಾಸ್ತಿಯಾದರೆ ಮಲಗಿಬಿಡುತ್ತದೆ. ಕೊತ್ತಂಬರಿಗೆ ಮೂರು ವಾರ ಬೇಕು, ಅವಸರದವರಿಗಲ್ಲ. ಧನಿಯಾ ಒಂದೊಂದು ಕಾಳಲ್ಲೂ ಎರಡು ಬೀಜ ಇರುತ್ತವೆ. ಲಟ್ಟಣಿಗೆಯಿಂದ ಹಗುರವಾಗಿ ಒತ್ತಿ ಎರಡು ಹೋಳು ಮಾಡಬೇಕು, ಪುಡಿ ಮಾಡಬಾರದು. ಗೋಧಿ ಹುಲ್ಲು ಜಗಿಯುವುದಕ್ಕೆ ನಾರು, ರಸ ತೆಗೆದು ಕುಡಿಯುವವರಿಗೆ ಮಾತ್ರ. ಹೆಸರುಕಾಳು ಬೆಳೆಯುತ್ತದೆ, ಆದರೆ ನನ್ನ ಮಟ್ಟಿಗೆ ಅದು ಮೊಳಕೆಯಾಗಿದ್ದಾಗಲೇ ರುಚಿ, ಎತ್ತರ ಬೆಳೆದರೆ ಹಸಿ ವಾಸನೆ.

ಈಗ ಕೆಲಸ. ಹೋಟೆಲಿನಿಂದ ಊಟ ತರಿಸಿದಾಗ ಬರುವ ಒಂದೇ ಅಳತೆಯ ಎರಡು ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಳ್ಳಿ, ಸುಮಾರು 6 ಇಂಚು ಅಗಲ 8 ಇಂಚು ಉದ್ದ ಇದ್ದರೆ ಒಳ್ಳೆಯದು. ಒಂದರ ತಳಕ್ಕೆ ದಬ್ಬಳ ಕಾಯಿಸಿ ಹತ್ತು ಹದಿನೈದು ತೂತು ಮಾಡಿ. ಅದನ್ನು ತೂತಿಲ್ಲದ ಇನ್ನೊಂದರ ಒಳಗೆ ಕೂರಿಸಿ. ತೂತಿನ ಡಬ್ಬಿಯಲ್ಲಿ ಕೊಕೊಪೀಟ್ ಎರಡು ಸೆಂಟಿಮೀಟರಿನಷ್ಟು ಹಾಸಿ. ಕೊಕೊಪೀಟ್ ಅಂದ್ರೆ ತೆಂಗಿನ ಸಿಪ್ಪೆಯಿಂದ ನಾರು ತೆಗೆದ ಮೇಲೆ ಉಳಿಯುವ ಪುಡಿ. ತಿಪಟೂರು, ಅರಸೀಕೆರೆ ಥರದ ತೆಂಗಿನ ಸೀಮೆಯಲ್ಲಿ ಹಿಂದೆ ಇದನ್ನು ಕೇಳುವವರೇ ಇರಲಿಲ್ಲ, ಈಗ ಇಟ್ಟಿಗೆ ಥರ ಒತ್ತಿ ನರ್ಸರಿಗಳಲ್ಲೆಲ್ಲ ಮಾರುತ್ತಾರೆ. ಅಗ್ಗದ ಇಟ್ಟಿಗೆಯಲ್ಲಿ ಉಪ್ಪಿನ ಅಂಶ ಉಳಿದಿರುತ್ತದೆ, ಬಕೆಟ್ಟಿನಲ್ಲಿ ನೆನೆಹಾಕಿ ಎರಡು ಸಲ ನೀರು ಬಸಿದು ಹಿಂಡಿದರೆ ಹೋಗುತ್ತದೆ. ಕೊಕೊಪೀಟ್ ಇಲ್ಲದಿದ್ದರೆ ಜರಡಿ ಹಿಡಿದ ಮಣ್ಣು, ಮರಳು ಬೆರೆಸಿದ್ದೂ ಆಗುತ್ತದೆ, ಕತ್ತರಿಸುವಾಗ ಮರಳು ಹತ್ತದಂತೆ ನೋಡಿಕೊಳ್ಳಬೇಕು ಅಷ್ಟೇ. ಟಿಶ್ಯೂ ಕಾಗದದ ಮೇಲೂ ಸಾಸಿವೆ ಬರುತ್ತದೆ, ಆದರೆ ಅದು ಬೇಗ ಒಣಗುತ್ತದೆ, ಬೇಗ ನಾರುತ್ತದೆ, ನನಗೆ ಇಷ್ಟವಿಲ್ಲ.

ತೇವ ಎಷ್ಟಿರಬೇಕು ಅನ್ನುವುದಕ್ಕೆ ಕೈಯೇ ಅಳತೆ. ಒಂದು ಮುಷ್ಟಿ ಕೊಕೊಪೀಟ್ ಹಿಡಿದು ಗಟ್ಟಿಯಾಗಿ ಹಿಂಡಿ. ಒಂದೆರಡು ಹನಿ ಬಿದ್ದರೆ ಸರಿ, ಧಾರೆ ಇಳಿದರೆ ಜಾಸ್ತಿ, ಏನೂ ಬೀಳದೆ ಉದುರಿದರೆ ಕಡಿಮೆ. ಹಾಸಿದ ಮೇಲೆ ಅಂಗೈಯಿಂದ ಹಗುರವಾಗಿ ಒತ್ತಿ ಸಮ ಮಾಡಿ. ತಗ್ಗು ದಿಣ್ಣೆ ಇದ್ದರೆ ತಗ್ಗಲ್ಲಿ ನೀರು ನಿಲ್ಲುತ್ತದೆ, ಅಲ್ಲೇ ಕೊಳೆ ಶುರುವಾಗುತ್ತದೆ.

ಮೆಂತ್ಯ, ಧನಿಯಾ, ಬಟಾಣಿ, ಕಡಲೆ ಇವನ್ನು ರಾತ್ರಿಯಿಡೀ ನೆನೆಸಿ ಬೆಳಗ್ಗೆ ಚೆನ್ನಾಗಿ ತೊಳೆದು ಬಿತ್ತಬೇಕು. ಸಾಸಿವೆ, ಮೂಲಂಗಿ, ದಂಟು ನೆನೆಸುವುದು ಬೇಕಿಲ್ಲ. ಕಾಮಕಸ್ತೂರಿಯನ್ನಂತೂ ನೆನೆಸಲೇಬೇಡಿ. ಪಾನಕಕ್ಕೆ ಹಾಕಿದಾಗ ಅದು ಲೋಳೆ ಕಟ್ಟುವುದು ನೋಡಿದ್ದೀರಲ್ಲ, ಆ ಮುದ್ದೆಯನ್ನು ಹರಡುವುದು ಯಾರಿಂದಲೂ ಆಗದ ಕೆಲಸ. ಒಣ ಬೀಜವನ್ನೇ ಉದುರಿಸಿ ಮೇಲೆ ನೀರು ಸಿಂಪಡಿಸಿ. ಈ ಅಳತೆಯ ಡಬ್ಬಿಗೆ ಸಾಸಿವೆ ಒಂದು ಟೀ ಚಮಚ, ಮೆಂತ್ಯ ಎರಡರಿಂದ ಎರಡೂವರೆ ಚಮಚ ಹಿಡಿಯುತ್ತದೆ. ಬೀಜ ಪಕ್ಕಪಕ್ಕ ಇರಲಿ, ಒಂದರ ಮೇಲೊಂದು ಬೀಳಬಾರದು. ಒತ್ತಾಗಿ ಹಾಕಿದರೆ ಜಾಸ್ತಿ ಬರುತ್ತದೆ ಅನ್ನಿಸುತ್ತದೆ, ಅಲ್ವಾ? ಬರುವುದು ಬೂಷ್ಟು.

ಇನ್ನೊಂದು ತಂತ್ರ ಅನೇಕರಿಗೆ ಹುಚ್ಚುತನ ಅನ್ನಿಸುತ್ತದೆ. ಬಿತ್ತಿ, ಸ್ಪ್ರೇ ಬಾಟಲಿಯಿಂದ ನೀರು ಸಿಂಪಡಿಸಿದ ಮೇಲೆ, ಬೀಜದ ಮೇಲೇ ಅದೇ ಅಳತೆಯ ಮೂರನೇ ಡಬ್ಬಿಯೊಂದರ ತಳ ಕೂರುವಂತೆ ಇಟ್ಟು ಅದರ ಮೇಲೆ ಒಂದು ಲೀಟರ್ ನೀರಿನ ಬಾಟಲಿ ಇಡಿ. ಎಳೆ ಮೊಳಕೆ ಅಪ್ಪಚ್ಚಿಯಾಗುವುದಿಲ್ಲವೇ ಅಂದರೆ, ಇಲ್ಲ. ಹೊಲದಲ್ಲಿ ಬಿತ್ತಿದ ಬೀಜ ಮೇಲಿನ ಮಣ್ಣಿನ ಭಾರ ಎತ್ತಿಕೊಂಡೇ ಅಲ್ಲವೇ ಹೊರಗೆ ಬರುವುದು. ಭಾರ ಇದ್ದರೆ ಬೇರು ಮೇಲೆ ತೇಲದೆ ಕೆಳಗಿಳಿಯುತ್ತದೆ, ಕಾಂಡ ಗಟ್ಟಿಯಾಗುತ್ತದೆ, ಬೀಜದ ಸಿಪ್ಪೆ ಉಜ್ಜಿ ಕಳಚಿಕೊಳ್ಳುತ್ತದೆ. ಎರಡನೇ ಅಥವಾ ಮೂರನೇ ದಿನ ನೋಡಿದರೆ ಸಸಿಗಳೆಲ್ಲ ಸೇರಿ ಬಾಟಲಿ ಸಮೇತ ಡಬ್ಬಿಯನ್ನು ಮೇಲೆತ್ತಿರುತ್ತವೆ. ಮಕ್ಕಳಿದ್ದರೆ ಇದನ್ನು ತಪ್ಪದೆ ತೋರಿಸಿ. ಅಲ್ಲಿಗೆ ಭಾರ ತೆಗೆದು, ಇನ್ನೊಂದು ದಿನ ಡಬ್ಬಿಯನ್ನು ಕವುಚಿ ಕತ್ತಲು ಮಾಡಿ. ಸಣ್ಣ ಸಂದು ಬಿಡಿ, ಗಾಳಿ ಆಡಲಿ. ದಂಟಿನಂಥ ಸಣ್ಣ ಬೀಜಕ್ಕೆ ಭಾರ ಬೇಡ, ಕತ್ತಲು ಮಾತ್ರ ಸಾಕು.

ಈ ಹೊತ್ತಿಗೆ ಒಂದು ಗಾಬರಿ ಬಂದೇ ಬರುತ್ತದೆ. ಬೇರಿನ ಸುತ್ತ ಬೆಳ್ಳಗೆ ಹತ್ತಿಯ ಎಳೆಯಂಥದ್ದು ಕಾಣುತ್ತದೆ. ಬೂಷ್ಟು ಬಂತು ಅಂತ ಎಷ್ಟೋ ಜನ ಇಡೀ ಡಬ್ಬಿ ಎಸೆದುಬಿಡುತ್ತಾರೆ, ಅದರಲ್ಲೂ ಮೂಲಂಗಿ, ಸಾಸಿವೆಯಲ್ಲಿ. ಅದು ಬೂಷ್ಟಲ್ಲ, ಬೇರಿನ ಕೂದಲು. ನೀರು ಹೀರುವುದಕ್ಕೆ ಬೇರು ಬಿಡುವ ತೆಳು ಎಳೆಗಳು. ವ್ಯತ್ಯಾಸ ಹೀಗೆ ನೋಡಿ. ಬೇರಿನ ಕೂದಲು ಒಂದೊಂದು ಬೇರಿನ ಸುತ್ತಲೂ ಒಂದೇ ಸಮ ಇರುತ್ತದೆ, ನೀರು ಸಿಂಪಡಿಸಿದ ಕೂಡಲೇ ಬೇರಿಗೆ ಅಂಟಿಕೊಂಡು ಮಾಯವಾಗುತ್ತದೆ, ವಾಸನೆ ಇರುವುದಿಲ್ಲ. ಬೂಷ್ಟು ಒಂದು ಜಾಗದಲ್ಲಿ ಶುರುವಾಗಿ ಜೇಡರ ಬಲೆಯ ಹಾಗೆ ಬೀಜದಿಂದ ಬೀಜಕ್ಕೆ, ಕಾಂಡದಿಂದ ಕಾಂಡಕ್ಕೆ ಹಬ್ಬುತ್ತದೆ, ನೀರು ಹಾಕಿದರೂ ಹೋಗುವುದಿಲ್ಲ, ಮುಗ್ಗಲು ವಾಸನೆ ಬರುತ್ತದೆ. ಬೂಷ್ಟು ಒಂದು ಮೂಲೆಯಲ್ಲಿದೆ, ಆ ಮೂಲೆ ಕಿತ್ತು ಉಳಿದದ್ದು ತಿನ್ನೋಣ ಅನ್ನುವ ಉಳಿತಾಯ ಮಾತ್ರ ಬೇಡ. ಕಣ್ಣಿಗೆ ಕಾಣುವುದಕ್ಕಿಂತ ಅದು ಹೆಚ್ಚು ದೂರ ಹಬ್ಬಿರುತ್ತದೆ. ಇಡೀ ಡಬ್ಬಿ ಕಾಂಪೋಸ್ಟಿಗೆ ಹಾಕಿ.

ಇನ್ನೊಂದು ಕಾಯಿಲೆ ಬುಡ ಕೊಳೆ. ನರ್ಸರಿಯಲ್ಲಿ ಮೆಣಸಿನ ಸಸಿ, ತಂಬಾಕಿನ ಸಸಿ ಬೆಳೆಸುವವರಿಗೆ ಚೆನ್ನಾಗಿ ಗೊತ್ತು. ನೆಟ್ಟಗೆ ನಿಂತಿದ್ದ ಸಸಿ ರಾತ್ರಿ ಬೆಳಗಾಗುವಷ್ಟರಲ್ಲಿ ಬುಡದಲ್ಲಿ ದಾರದಂತಾಗಿ ಮಲಗಿರುತ್ತದೆ. ಪಿಥಿಯಂನಂಥ ರೋಗಾಣು ಇದಕ್ಕೆ ಕಾರಣ, ನಿಂತ ನೀರು, ನಿಂತ ಗಾಳಿ, ಒತ್ತೊತ್ತು ಸಸಿ ಮೂರೂ ಸಿಕ್ಕಾಗ ಅದಕ್ಕೆ ಹಬ್ಬ. ಔಷಧಿ ಹೊಡೆಯುವ ಮಾತೇ ಇಲ್ಲ, ತಿನ್ನುವ ಸೊಪ್ಪು. ಫ್ಯಾನಿನ ಗಾಳಿ ದೂರದಿಂದ ತಾಗುವಂತೆ ಇಟ್ಟರೆ ಅರ್ಧ ತೊಂದರೆ ತಪ್ಪುತ್ತದೆ. ಇನ್ನರ್ಧ, ನೀರನ್ನು ಮೇಲಿನಿಂದ ಹಾಕದೆ ಕೆಳಗಿನಿಂದ ಕೊಡುವುದರಲ್ಲಿದೆ. ಬೇರು ಇಳಿದ ಮೇಲೆ ಸ್ಪ್ರೇ ಬಾಟಲಿ ಪಕ್ಕಕ್ಕಿಡಿ. ತೂತಿನ ಡಬ್ಬಿ ಎತ್ತಿ, ಕೆಳಗಿನ ಡಬ್ಬಿಗೆ ಅರ್ಧ ಲೋಟ ನೀರು ಹಾಕಿ, ಮತ್ತೆ ಕೂರಿಸಿ. ಹತ್ತು ಹದಿನೈದು ನಿಮಿಷ ಬಿಟ್ಟು ಉಳಿದ ನೀರು ಚೆಲ್ಲಿ. ಮತ್ತೆ ಯಾವಾಗ ಹಾಕಬೇಕು ಅನ್ನುವುದಕ್ಕೆ ಡಬ್ಬಿ ಎತ್ತಿ ನೋಡಿ, ಹಗುರ ಅನ್ನಿಸಿದರೆ ಹಾಕಿ. ದಿನಕ್ಕೆ ಇಷ್ಟು ಸಲ ಅನ್ನುವ ಲೆಕ್ಕ ನಂಬಬೇಡಿ. ರಾಯಚೂರಿನ ಏಪ್ರಿಲ್‌ಗೂ ಮಡಿಕೇರಿಯ ಜುಲೈಗೂ ಒಂದೇ ಲೆಕ್ಕ ಹೇಗೆ ಆಗುತ್ತದೆ? ನೀರು ಮಾತ್ರ ಕುಡಿಯುವ ನೀರೇ ಆಗಲಿ. ಹಸಿಯಾಗಿ ತಿನ್ನುವ ಪದಾರ್ಥಕ್ಕೆ ಬೋರ್‌ವೆಲ್ ನೀರು ಹಾಗೇ ಹಾಕುವುದು ಬೇಡ, ಗಡಸು ನೀರಾದರೆ ಮೇಲೆ ಬಿಳಿ ಪೊರೆಯೂ ಕಟ್ಟುತ್ತದೆ.

ಊರಿನ ಮಾತು ಬಂತು. ಬೆಂಗಳೂರು, ಮೈಸೂರಿನ ಹವೆ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು, ವರ್ಷದ ಹೆಚ್ಚು ದಿನ ಏನು ಬಿತ್ತಿದರೂ ಬರುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಕೊತ್ತಂಬರಿ, ಬಟಾಣಿ ಕೈಕೊಡುತ್ತವೆ, ಅವು ತಂಪು ಬಯಸುವ ಬೆಳೆ. ಆಗ ದಂಟು ಹಾಕಿ, ಅದಕ್ಕೆ ಸೆಕೆ ಇಷ್ಟ. ಮಂಗಳೂರು, ಉಡುಪಿ ಕಡೆಯವರಿಗೆ ಜೂನ್‌ನಿಂದ ಆಗಸ್ಟ್‌ವರೆಗೆ ಕಷ್ಟ. ಗಾಳಿಯಲ್ಲೇ ಅಷ್ಟು ತೇವ ಇರುವಾಗ ಬಟ್ಟೆಯೇ ಒಣಗುವುದಿಲ್ಲ, ಇನ್ನು ಡಬ್ಬಿ ಎಲ್ಲಿ ಒಣಗಬೇಕು. ಆ ತಿಂಗಳುಗಳಲ್ಲಿ ಬೀಜ ಇನ್ನೂ ತೆಳುವಾಗಿ ಹರಡಿ, ಕತ್ತಲಲ್ಲಿಡುವ ದಿನ ಕಡಿಮೆ ಮಾಡಿ, ಫ್ಯಾನು ಹಾಕಿ. ಹೊರದೇಶದ ಚಳಿ ಊರುಗಳಲ್ಲಿರುವವರಿಗೆ ಇದು ತಿರುಗುಮುರುಗು. ಹೀಟರ್ ಹಾಕಿದ ಮನೆಯಲ್ಲಿ ಗಾಳಿ ಒಣ, ಡಬ್ಬಿ ಬೇಗ ಒಣಗುತ್ತದೆ. ಆದರೆ ಮೆಂತ್ಯ ಸೊಪ್ಪು ಸಿಗದ ಊರಲ್ಲಿ ಮೆಂತ್ಯ ಕಾಳು ಸಿಕ್ಕೇ ಸಿಗುತ್ತದೆ, ಅದೇ ದೊಡ್ಡ ಅನುಕೂಲ.

ಬೆಳಕಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಬೆಳಗಿನ ಎಳೆ ಬಿಸಿಲು ಬೀಳುವ ಪೂರ್ವದ ಕಿಟಕಿ ಎಲ್ಲಕ್ಕಿಂತ ಒಳ್ಳೆಯದು. ಮಧ್ಯಾಹ್ನದ ನೆತ್ತಿ ಬಿಸಿಲಿಗೆ ಇಟ್ಟರೆ ಎರಡು ಗಂಟೆಯಲ್ಲಿ ಬಾಡುತ್ತದೆ. ಕಿಟಕಿಯಲ್ಲಿಟ್ಟ ಸಸಿಗಳೆಲ್ಲ ಒಂದೇ ಕಡೆ ಬಾಗುತ್ತವೆ, ಅದು ಸಹಜ. ಚಾರ್ಲ್ಸ್ ಡಾರ್ವಿನ್ ಮತ್ತು ಅವನ ಮಗ ಫ್ರಾನ್ಸಿಸ್ ಹುಲ್ಲಿನ ಸಸಿಯ ತುದಿಗೆ ಟೋಪಿ ಹಾಕಿ ಬೆಳಕು ಮರೆ ಮಾಡಿದರೆ ಸಸಿ ಬಾಗುವುದಿಲ್ಲ ಅಂತ ತೋರಿಸಿ 1880ರಲ್ಲಿ ಪ್ರಕಟಿಸಿದರು. ಬೆಳಕು ಎಲ್ಲಿದೆ ಅಂತ ಗುರುತಿಸುವುದು ತುದಿ, ಬಾಗುವುದು ಅದರ ಕೆಳಗಿನ ಭಾಗ. ಆಕ್ಸಿನ್ ಅನ್ನುವ ವಸ್ತು ನೆರಳಿನ ಬದಿಗೆ ಹೆಚ್ಚು ಹರಿದು ಆ ಬದಿ ಜಾಸ್ತಿ ಉದ್ದವಾಗುತ್ತದೆ ಅನ್ನುವುದು ಆಮೇಲೆ ತಿಳಿಯಿತು. ನಾವು ಮಾಡಬೇಕಾದ್ದು ದಿನಕ್ಕೊಂದು ಸಲ ಡಬ್ಬಿ ತಿರುಗಿಸುವುದು. ಕಿಟಕಿಯೇ ಇಲ್ಲದ ಮನೆಯಾದರೆ ಸಾಮಾನ್ಯ ಬಿಳಿ ಎಲ್ಇಡಿ ಟ್ಯೂಬ್‌ಲೈಟನ್ನು ಒಂದು ಗೇಣು ಮೇಲೆ ಕಟ್ಟಿ ಹನ್ನೆರಡು ಹದಿನಾಲ್ಕು ಗಂಟೆ ಉರಿಸಿದರೂ ಆಗುತ್ತದೆ. ನೇರಳೆ ಲೈಟು ಬೇಕಿಲ್ಲ.

ಎರಡು ಎಲೆ ಪೂರ್ತಿ ಬಿಚ್ಚಿ ಹಸಿರಾದ ಮೇಲೆ, ನಡುವೆ ಮೂರನೆಯ ಎಲೆ ಇಣುಕುವ ಹೊತ್ತಿಗೆ ಕತ್ತರಿಸಿ. ಸಾಸಿವೆ ಇನ್ನೂ ಬಿಟ್ಟರೆ ಖಾರ ಜಾಸ್ತಿಯಾಗಿ ಕಾಂಡ ನಾರಾಗುತ್ತದೆ. ಚೂಪಾದ ಕತ್ತರಿ, ಕೊಕೊಪೀಟಿನಿಂದ ಒಂದು ಬೆರಳು ಮೇಲೆ. ಕತ್ತರಿಸುವ ಮುಂಚಿನ ರಾತ್ರಿ ನೀರು ಹಾಕಬೇಡಿ, ಎಲೆ ಒಣಗಿದ್ದರೆ ಫ್ರಿಜ್ಜಿನಲ್ಲಿ ನಾಲ್ಕೈದು ದಿನ ಉಳಿಯುತ್ತದೆ. ತಿನ್ನುವಾಗ ಮಾತ್ರ ತೊಳೆಯಿರಿ. ಕತ್ತರಿಸಿದ್ದು ಮತ್ತೆ ಚಿಗುರುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಸಾಸಿವೆ, ಮೂಲಂಗಿ, ಮೆಂತ್ಯ, ದಂಟು ಚಿಗುರುವುದಿಲ್ಲ, ಯಾಕಂದ್ರೆ ಬೆಳೆಯುವ ತುದಿ ಆ ಎರಡು ಎಲೆಗಳ ನಡುವೆ ಇರುತ್ತದೆ, ಅದನ್ನೇ ಕತ್ತರಿಸಿದಿರಿ. ಬಟಾಣಿ ಬೇರೆ. ಅದರ ಬೀಜದಳ ಮೇಲೆ ಬರುವುದೇ ಇಲ್ಲ, ಕೆಳಗೇ ಉಳಿಯುತ್ತದೆ. ಬುಡದ ಗಿಣ್ಣು ಬಿಟ್ಟು ಮೇಲೆ ಕತ್ತರಿಸಿದರೆ ಇನ್ನೊಂದು ಸಲ ಚಿಗುರುತ್ತದೆ, ಮೊದಲಿನಷ್ಟು ತುಂಬಾ ಅಲ್ಲ.

ಈಗ ಆರೋಗ್ಯದ ಮಾತು. ಮೈಕ್ರೋಗ್ರೀನ್ಸಿನಲ್ಲಿ 40 ಪಟ್ಟು ಪೋಷಕಾಂಶ ಅನ್ನುವ ಸಂದೇಶ ನಿಮ್ಮ ವಾಟ್ಸ್ಆ್ಯಪ್ಪಿಗೂ ಬಂದಿರಬಹುದು. ಅದರ ಬೇರು 2012ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಮತ್ತು ಅಲ್ಲಿನ ಕೃಷಿ ಇಲಾಖೆಯ ವಿಜ್ಞಾನಿಗಳು ಪ್ರಕಟಿಸಿದ ಒಂದು ಅಧ್ಯಯನ. 25 ಬಗೆಯ ಮೈಕ್ರೋಗ್ರೀನ್ಸಿನಲ್ಲಿ ಸಿ, ಇ, ಕೆ ವಿಟಮಿನ್ನು ಮತ್ತು ಕ್ಯಾರೊಟಿನಾಯ್ಡು ಅನ್ನುವ ಹಳದಿ, ಕಿತ್ತಳೆ ಬಣ್ಣದ ವಸ್ತುಗಳನ್ನು ಅಳೆದರು. ಕೆಂಪು ಕೋಸಿನಲ್ಲಿ ಸಿ ಜಾಸ್ತಿ, ಕೆಂಪು ದಂಟಿನಲ್ಲಿ ಕೆ ಜಾಸ್ತಿ, ಕೊತ್ತಂಬರಿಯಲ್ಲಿ ಕ್ಯಾರೊಟಿನಾಯ್ಡು ಜಾಸ್ತಿ, ಹೀಗೆ ಒಂದೊಂದರದ್ದು ಒಂದೊಂದು ಲೆಕ್ಕ. ಬಲಿತ ಸೊಪ್ಪಿಗಿಂತ ಹಲವು ಪಟ್ಟು ಇದ್ದದ್ದು ನಿಜ, ಆದರೆ ಎಲ್ಲದರಲ್ಲೂ ಎಲ್ಲವೂ ಅಲ್ಲ. ಅದಕ್ಕಿಂತ ಮುಖ್ಯ, ಅದು ತೂಕಕ್ಕೆ ತೂಕದ ಲೆಕ್ಕ. ನಿಮ್ಮ ಡಬ್ಬಿಯಲ್ಲಿ ಬರುವುದು ಎರಡು ಹಿಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ದಿನಕ್ಕೆ 400 ಗ್ರಾಂ ತರಕಾರಿ, ಸೊಪ್ಪು ತಿನ್ನಿ ಅನ್ನುತ್ತದೆ. ಎರಡು ಹಿಡಿ ಸಾಸಿವೆ ಸಸಿ ಅದರ ಜಾಗ ತುಂಬುವುದಿಲ್ಲ, ಬಸ್ಸಾರು ಬಿಡಬೇಡಿ. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ವಿಟಮಿನ್ ಕೆ ಇರುವ ಇಂಥ ಸೊಪ್ಪನ್ನು ಇದ್ದಕ್ಕಿದ್ದಂತೆ ಜಾಸ್ತಿ ಮಾಡುವ ಮೊದಲು ಡಾಕ್ಟರನ್ನು ಕೇಳಬೇಕು.

ಸ್ವಚ್ಛತೆಯ ವಿಷಯದಲ್ಲಿ ತಮಾಷೆ ಇಲ್ಲ. 2011ರಲ್ಲಿ ಜರ್ಮನಿಯಲ್ಲಿ ಇ. ಕೋಲಿ ಬ್ಯಾಕ್ಟೀರಿಯಾದಿಂದ ಸಾವಿರಾರು ಜನ ಕಾಯಿಲೆ ಬಿದ್ದು 50ಕ್ಕೂ ಹೆಚ್ಚು ಜನ ಸತ್ತರು. ಮೊದಲು ಸ್ಪೇನಿನ ಸೌತೆಕಾಯಿಯ ಮೇಲೆ ಅನುಮಾನ ಪಟ್ಟರು, ಕೊನೆಗೆ ಜಾಡು ಹೋಗಿ ನಿಂತದ್ದು ಈಜಿಪ್ಟಿನಿಂದ ಬಂದ ಮೆಂತ್ಯ ಕಾಳಿನ ಮೊಳಕೆಯಲ್ಲಿ. ಹೌದು, ಮೆಂತ್ಯ. ಬೀಜಕ್ಕೆ ಮೊದಲೇ ಅಂಟಿದ್ದ ಬ್ಯಾಕ್ಟೀರಿಯಾ ಮೊಳಕೆಯ ತೇವ ಮತ್ತು ಬೆಚ್ಚಗಿನ ವಾತಾವರಣದಲ್ಲಿ ಲಕ್ಷಗಟ್ಟಲೆ ಆಗುತ್ತದೆ. ಮೈಕ್ರೋಗ್ರೀನ್ಸಿನಲ್ಲಿ ಬೀಜ ಮತ್ತು ಬೇರು ತಿನ್ನುವುದಿಲ್ಲ, ಗಾಳಿ ಬೆಳಕು ಇರುತ್ತದೆ, ಹಾಗಾಗಿ ಅಪಾಯ ಕಡಿಮೆ. ಇಲ್ಲವೇ ಇಲ್ಲ ಅಂತಲ್ಲ. ಬೀಜ ತೊಳೆಯಿರಿ, ಪ್ರತಿ ಸಲ ಡಬ್ಬಿಯನ್ನು ಸೋಪಿನಲ್ಲಿ ತೊಳೆದು ಬಿಸಿಲಲ್ಲಿ ಒಣಗಿಸಿ, ನಾರುತ್ತಿದ್ದರೆ ಯೋಚಿಸದೆ ಎಸೆಯಿರಿ. ಬಸುರಿಯರು, ವಯಸ್ಸಾದವರು, ಕಾಯಿಲೆಯಿಂದ ಸೋತವರು ಹಸಿಯಾಗಿ ತಿನ್ನದೆ ಕುದಿಯುವ ಸಾರಿಗೆ ಹಾಕಿಕೊಳ್ಳಲಿ. ಸ್ವಲ್ಪ ವಿಟಮಿನ್ ಸಿ ಹೋಗುತ್ತದೆ, ಹೋಗಲಿ.

ಉಳಿದವರು ಹಸಿಯಾಗಿಯೇ ತಿನ್ನಬೇಕು, ರುಚಿ ಇರುವುದೇ ಅದರಲ್ಲಿ. ಸಾಸಿವೆ ಸಸಿ ಜಗಿದ ಕ್ಷಣ ಏನೂ ಅನ್ನಿಸುವುದಿಲ್ಲ, ಆಮೇಲೆ ಖಾರ ಮೂಗಿಗೆ ಏರುತ್ತದೆ. ಎಲೆಯೊಳಗೆ ಬೇರೆ ಬೇರೆ ಇದ್ದ ಎರಡು ವಸ್ತುಗಳು ಜಗಿದಾಗ ಸೇರಿ ಆ ಖಾರ ಹುಟ್ಟುತ್ತದೆ, ಬೇಯಿಸಿದರೆ ಅದು ಹುಟ್ಟುವುದೇ ಇಲ್ಲ. ಹೆಸರುಬೇಳೆ ಕೋಸಂಬರಿಗೆ ಕೊನೆಯಲ್ಲಿ ಒಂದು ಹಿಡಿ ಹಾಕಿ ನೋಡಿ. ಗಿರ್ಮಿಟ್ ಮೇಲೆ, ಮೊಸರನ್ನದ ಮೇಲೆ ಕೂಡ ಒಳ್ಳೆಯದು. ಮೆಂತ್ಯ ಸಸಿಯ ಕಹಿ ಎಳೆಯದು, ಈರುಳ್ಳಿ, ನಿಂಬೆರಸ, ಒಂದು ಚಿಟಿಕೆ ಉಪ್ಪು ಹಾಕಿ ಕೈಯಲ್ಲಿ ಹಗುರವಾಗಿ ಕಲೆಸಿದರೆ ಅಕ್ಕಿ ರೊಟ್ಟಿಗೆ ಸರಿಯಾಗುತ್ತದೆ.

ಒಂದೇ ಸಲ ನಾಲ್ಕು ಡಬ್ಬಿ ಬಿತ್ತಿದರೆ ಎಲ್ಲವೂ ಒಂದೇ ದಿನ ಬಂದು ಅರ್ಧ ಬಲಿತುಹೋಗುತ್ತದೆ. ಮೂರು ದಿನಕ್ಕೊಂದು ಡಬ್ಬಿ ಬಿತ್ತುತ್ತಾ ಹೋಗಿ, ಮನೆಯಲ್ಲಿ ಯಾವಾಗಲೂ ಒಂದು ಕತ್ತರಿಸುವುದಕ್ಕೆ ಸಿದ್ಧ ಇರುತ್ತದೆ. ಕತ್ತರಿಸಿದ ಮೇಲೆ ಉಳಿಯುವ ಬೇರಿನ ಚಾಪೆ ಒಂದೇ ತುಂಡಾಗಿ ಎದ್ದು ಬರುತ್ತದೆ. ಅದರ ಮೇಲೇ ಮತ್ತೆ ಬಿತ್ತಬೇಡಿ, ಹಳೆಯ ಬೇರು ಕೊಳೆಯುವಾಗ ಹೊಸ ಬೀಜಕ್ಕೂ ಕೊಳೆ ಹತ್ತುತ್ತದೆ. ಬಿಸಿಲಲ್ಲಿ ಒಣಗಿಸಿ, ಕೈಯಲ್ಲಿ ಪುಡಿ ಮಾಡಿ, ಕರಿಬೇವಿನ ಕುಂಡಕ್ಕೋ ದಾಸವಾಳದ ಕುಂಡಕ್ಕೋ ಹಾಕಿ.